ಕಾಣದ ಕ್ವಾರ್ಕನ್ನು ತೂಗಿದ ವಿಜ್ಞಾನಿ, ಮಾಡದ ಬಾಂಬಿಗೆ ಹೀರೋ ಆದ ಕತೆ

1977ರ ಜೂನ್ 16. ಅಮೆರಿಕದ ಇಲಿನಾಯ್ ರಾಜ್ಯದ ಕಿವಾನಿ ಎಂಬ ಊರಿನ ಹತ್ತಿರ, ಇಂಟರ್‌ಸ್ಟೇಟ್ 80 ಹೆದ್ದಾರಿ. ಎದುರು ದಿಕ್ಕಿನಲ್ಲಿ ಬರುತ್ತಿದ್ದ ಭಾರೀ ಟ್ರಕ್ಕೊಂದು ಹತೋಟಿ ತಪ್ಪಿ, ರಸ್ತೆ ನಡುವಿನ ಜಾಗ ದಾಟಿ ಬಂದು ಒಂದು ಕಾರಿಗೆ ಅಪ್ಪಳಿಸಿತು. ಕಾರಿನಲ್ಲಿದ್ದ ಹೆಂಡತಿ ಮತ್ತು ಇಬ್ಬರು ಮಕ್ಕಳು ಬದುಕುಳಿದರು. ಕಾರು ಓಡಿಸುತ್ತಿದ್ದ ಬೆಂಜಮಿನ್ ಲೀ ಉಳಿಯಲಿಲ್ಲ. ಆಗ ಅವರಿಗೆ 42 ವರ್ಷ.

ಅಲ್ಲಿಗೆ ಒಬ್ಬ ಭೌತವಿಜ್ಞಾನಿಯ ಬದುಕು ಮುಗಿಯಿತು. ಆದರೆ ಅದೇ ಹೆಸರಿನ ಇನ್ನೊಬ್ಬನ ಬದುಕು ಅಲ್ಲಿಂದ ಶುರುವಾಯಿತು. ದಕ್ಷಿಣ ಕೊರಿಯಾದಲ್ಲಿ ಲಕ್ಷಾಂತರ ಜನರಿಗೆ ಗೊತ್ತಿರುವುದು ಈ ಎರಡನೆಯವನೇ. ಆತ ತನ್ನ ದೇಶಕ್ಕೆ ಗುಟ್ಟಾಗಿ ಅಣುಬಾಂಬ್ ಮಾಡಿಕೊಡಲು ಹೊರಟಿದ್ದ, ಅದಕ್ಕೇ ಅಮೆರಿಕದವರು ಆಕ್ಸಿಡೆಂಟ್ ಮಾಡಿಸಿ ಕೊಂದರು ಅನ್ನೋದು ಆ ಕತೆ. ಕಾದಂಬರಿಯಾಯಿತು, ಸಿನಿಮಾ ಆಯಿತು, ಬಾಯಿಂದ ಬಾಯಿಗೆ ಹಬ್ಬಿತು.

ಕತೆ ಚೆನ್ನಾಗಿದೆ. ತೊಂದರೆ ಏನಪ್ಪಾ ಅಂದರೆ, ನಿಜವಾದ ಲೀ ಬಾಂಬ್ ಮಾಡುವ ವಿಜ್ಞಾನಿಯೇ ಆಗಿರಲಿಲ್ಲ. ಅವರು ಮಾಡಿದ ಕೆಲಸ ಬೇರೆ, ಅದು ಬಾಂಬಿಗಿಂತ ಸ್ವಾರಸ್ಯದ್ದು. ಜಗತ್ತಿನಲ್ಲಿ ಯಾರೂ ಕಂಡಿರದ ಒಂದು ಕಣದ ತೂಕವನ್ನು ಅವರು ಮತ್ತು ಅವರ ಸಹೋದ್ಯೋಗಿ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಕೆಲವೇ ತಿಂಗಳಲ್ಲಿ ಆ ಕಣ ಹೆಚ್ಚುಕಡಿಮೆ ಅದೇ ತೂಕದಲ್ಲಿ ಸಿಕ್ಕಿತು.

ಈ ಎರಡು ಬದುಕುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಇದು ಕೊರಿಯಾದ ಕತೆ ಹೌದು. ಆದರೆ ಓದುತ್ತಾ ಹೋದರೆ ನಮ್ಮ ವಾಟ್ಸಾಪ್ ಗ್ರೂಪುಗಳೂ ನಿಮಗೆ ನೆನಪಾಗಬಹುದು.

ಯುದ್ಧದ ನಡುವೆ ಕೆಮಿಕಲ್ ಇಂಜಿನಿಯರಿಂಗ್

ಹುಟ್ಟು ಹೆಸರು ಲೀ ಹ್ವಿ-ಸೋ. ಜನನ 1935ರ ಜನವರಿ 1, ಸಿಯೋಲ್ ನಗರ. ಆಗ ಕೊರಿಯಾ ಜಪಾನಿನ ವಸಾಹತು. ತಾಯಿ ವೈದ್ಯೆ. ಹುಡುಗನಿಗೆ ಹತ್ತು ವರ್ಷವಾದಾಗ ಜಪಾನ್ ಸೋತು ಕೊರಿಯಾ ಬಿಡುಗಡೆಯಾಯಿತು. ಹದಿನೈದಾದಾಗ, 1950ರಲ್ಲಿ, ಉತ್ತರ-ದಕ್ಷಿಣದ ಯುದ್ಧ ಶುರುವಾಯಿತು.

ಯುದ್ಧದ ಕಾಲದಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ದಕ್ಷಿಣದ ಬಂದರು ನಗರ ಬುಸಾನ್‌ಗೆ ಗುಳೆ ಹೋಗಿತ್ತು. 1952ರಲ್ಲಿ ಲೀ ಅಲ್ಲಿ ಸೇರಿದ್ದು ಕೆಮಿಕಲ್ ಇಂಜಿನಿಯರಿಂಗ್‌ಗೆ. ನಾನೂ ಇಂಜಿನಿಯರಿಂಗ್ ಮುಗಿಸಿ ಬೇರೆ ದಾರಿ ಹಿಡಿದವನು, ಹಾಗಾಗಿ ಈ ಭಾಗ ಓದುವಾಗ ಸ್ವಲ್ಪ ಹೆಚ್ಚೇ ಆಪ್ತ ಅನ್ನಿಸುತ್ತದೆ. ಮನೆಯವರಿಗೆ ಸಮಾಧಾನ ಕೊಡುವ ಕೋರ್ಸು, ಕೆಲಸ ಸಿಗುವ ಕೋರ್ಸು; ಆದರೆ ಮನಸ್ಸು ಮಾತ್ರ ಫಿಸಿಕ್ಸ್ ಪುಸ್ತಕದಲ್ಲಿ. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವ ಕತೆಯೇ ಇದು. ವ್ಯತ್ಯಾಸ ಇಷ್ಟೇ, ಅವರ ಹೊರಗೆ ಯುದ್ಧ ನಡೆಯುತ್ತಿತ್ತು.

ಕೊರಿಯಾದಲ್ಲಿ ಸೇವೆ ಮಾಡಿದ ಅಮೆರಿಕನ್ ಸೇನಾಧಿಕಾರಿಗಳ ಪತ್ನಿಯರು ನಡೆಸುತ್ತಿದ್ದ ವಿದ್ಯಾರ್ಥಿವೇತನವೊಂದು ಲೀಗೆ ಸಿಕ್ಕಿತು. 1955ರಲ್ಲಿ ಓಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದರು, ಫಿಸಿಕ್ಸ್ ಹಿಡಿದರು, 1956ರಲ್ಲೇ ಪದವಿ ಮುಗಿಸಿದರು. ನಂತರ ಪಿಟ್ಸ್‌ಬರ್ಗ್, ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯಲ್ಲೂ ಇದ್ದರು. ಬೆಂಜಮಿನ್ ಫ್ರಾಂಕ್ಲಿನ್ ಮೇಲಿನ ಅಭಿಮಾನದಿಂದ ಬೆಂಜಮಿನ್ ಎಂಬ ಹೆಸರಿಟ್ಟುಕೊಂಡರು. ಗೆಳೆಯರಿಗೆ ಬೆನ್ ಲೀ ಆದರು. 1966ರಿಂದ ಸ್ಟೋನಿ ಬ್ರೂಕ್‌ನಲ್ಲಿ ಪಾಠ ಮಾಡಿದರು. 1968ರಲ್ಲಿ ಅಮೆರಿಕದ ಪೌರತ್ವ ಪಡೆದರು. 1973ರಲ್ಲಿ ಷಿಕಾಗೋ ಹತ್ತಿರದ ಫರ್ಮಿಲ್ಯಾಬ್‌ನ ಸೈದ್ಧಾಂತಿಕ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಬೇರೆಯವರ ಸಿದ್ಧಾಂತವನ್ನು ಓದಿಸಿದವರು

1967ರಲ್ಲಿ ಸ್ಟೀವನ್ ವೈನ್‌ಬರ್ಗ್ ಒಂದು ಪುಟ್ಟ ಪ್ರಬಂಧ ಬರೆದಿದ್ದರು. ವಿದ್ಯುತ್ಕಾಂತ ಬಲ ಮತ್ತು ಪರಮಾಣು ಬೀಜದೊಳಗಿನ ದುರ್ಬಲ ಬಲ ಒಂದೇ ಬಲದ ಎರಡು ಮುಖ ಅನ್ನೋದು ಅದರ ಸಾರ. ಪಾಕಿಸ್ತಾನದ ಅಬ್ದುಸ್ ಸಲಾಂ ಅವರೂ ಅದೇ ತೀರ್ಮಾನಕ್ಕೆ ಬಂದಿದ್ದರು. ಆದರೆ ಕೆಲವು ವರ್ಷ ಯಾರೂ ಅದನ್ನು ಸೀರಿಯಸ್ಸಾಗಿ ತಗೊಳ್ಳಲಿಲ್ಲ. ಕಾರಣ, ಲೆಕ್ಕ ಹಾಕಲು ಕೂತರೆ ಉತ್ತರ ಅನಂತ ಬರುವ ಭಯ. ಅನಂತ ಬಂದರೆ ಆ ಸಿದ್ಧಾಂತ ಬಳಕೆಗೆ ಬಾರದು.

ಈ ಅನಂತಗಳನ್ನು ಶಿಸ್ತಾಗಿ ನಿಭಾಯಿಸುವ ವಿದ್ಯೆಯಲ್ಲಿ ಲೀ ಪಳಗಿದ್ದರು. 1970ರಲ್ಲಿ ಫ್ರಾನ್ಸಿನ ಕಾರ್ಗೀಸ್ ಎಂಬಲ್ಲಿ ನಡೆದ ಬೇಸಿಗೆ ಶಾಲೆಯಲ್ಲಿ ಅವರು ಪಾಠ ಮಾಡಿದಾಗ, ಕೇಳುತ್ತಾ ಕೂತಿದ್ದವರಲ್ಲಿ ಹೆರಾರ್ಡ್ ಟ್ ಹೂಫ್ಟ್ ಎಂಬ ಡಚ್ ವಿದ್ಯಾರ್ಥಿ ಒಬ್ಬ. ಮರುವರ್ಷವೇ ಆ ಹುಡುಗ ವೈನ್‌ಬರ್ಗ್-ಸಲಾಂ ಮಾದರಿಯ ಸಿದ್ಧಾಂತಗಳಲ್ಲಿ ಅನಂತಗಳನ್ನು ಪಳಗಿಸಬಹುದು ಎಂದು ತೋರಿಸಿಬಿಟ್ಟ. ಆ ಕಷ್ಟದ ಕೆಲಸವನ್ನು ಉಳಿದವರಿಗೆ ಅರ್ಥವಾಗುವ ಭಾಷೆಗೆ ತಂದು, ಜೀನ್ ಜಿನ್-ಜಸ್ಟಿನ್ ಜೊತೆ ಸೇರಿ ಸಾಧನೆಯನ್ನು ಇನ್ನಷ್ಟು ಗಟ್ಟಿ ಮಾಡಿದವರು ಲೀ. ಹಿಗ್ಸ್ ಎಂಬ ಹೆಸರು ಭೌತವಿಜ್ಞಾನಿಗಳ ಬಾಯಲ್ಲಿ ಚಾಲ್ತಿಗೆ ಬರುವುದರಲ್ಲೂ 1972ರ ಸುಮಾರಿನ ಅವರ ಭಾಷಣಗಳ ಪಾತ್ರ ದೊಡ್ಡದು.

ಇಲ್ಲಿ ಲೀ ಸಿಂಹಾಸನದ ಮೇಲೆ ಕೂತವರಲ್ಲ. ಬೇರೆಯವರು ಹೇಳಿದ್ದನ್ನು ಪರೀಕ್ಷಿಸಿ, ತಿದ್ದಿ, ಎಲ್ಲರೂ ಬಳಸುವಂತೆ ಮಾಡಿದವರು. ವಿಜ್ಞಾನ ನಿಂತಿರುವುದೇ ಇಂಥವರ ಮೇಲೆ. ರಾಷ್ಟ್ರೀಯ ವೀರರ ಕತೆಗಳಿಗೆ ಮಾತ್ರ ಇಂಥವರು ಹೊಂದುವುದಿಲ್ಲ.

ಎರಡು ಆನೆ, ಒಂದು ಧೂಳಿನ ಕಣಕ್ಕಿಂತ ಕಮ್ಮಿ ವ್ಯತ್ಯಾಸ

ಈಗ ಅಸಲಿ ಕೆಲಸಕ್ಕೆ ಬರೋಣ. ಫಿಸಿಕ್ಸ್ ಅಂದಾಕ್ಷಣ ಸ್ಕ್ರಾಲ್ ಮಾಡಿ ಮುಂದೆ ಹೋಗಬೇಡಿ. ಈ ಭಾಗ ಗೊತ್ತಾಗದಿದ್ದರೆ ಬಾಂಬಿನ ಕತೆ ಎಷ್ಟು ಅನ್ಯಾಯದ್ದು ಅನ್ನುವುದೂ ಗೊತ್ತಾಗುವುದಿಲ್ಲ.

ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗೆ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳಿವೆ. 1970ರ ಹೊತ್ತಿಗೆ ಗೊತ್ತಿದ್ದದ್ದು ಮೂರು ಬಗೆ: ಅಪ್, ಡೌನ್, ಸ್ಟ್ರೇಂಜ್. ಈ ಬಗೆಗಳಿಗೆ ಫ್ಲೇವರ್ ಅಂತಾರೆ. ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಜೊತೆಯಾದರೆ ಅದು ಮೆಸಾನ್. ಅಂದಹಾಗೆ, ಮೊದಲು ಮೆಸೊಟ್ರಾನ್ ಎಂದು ಕರೆಯುತ್ತಿದ್ದ ಕಣವನ್ನು ಮೆಸಾನ್ ಎನ್ನಬೇಕೆಂದು 1939ರಲ್ಲಿ ವಾದಿಸಿದವರು ಹೋಮಿ ಭಾಭಾ. ಅದೇ ವರ್ಷ ಯುದ್ಧದ ಕಾರಣಕ್ಕೆ ಕೇಂಬ್ರಿಡ್ಜ್‌ಗೆ ವಾಪಸ್ ಹೋಗಲಾಗದೆ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಭಾಭಾ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮೆಸಾನ್‌ಗಳಲ್ಲಿ ಕೇಯಾನ್ ಎಂಬುದೊಂದಿದೆ. ವಿದ್ಯುದಂಶ ಇಲ್ಲದ ಕೇಯಾನ್‌ಗೆ ಒಂದು ವಿಚಿತ್ರ ಅಭ್ಯಾಸ. ಹುಟ್ಟಿದಾಗ ಕೇಯಾನ್ ಆಗಿದ್ದದ್ದು ಹಾರುತ್ತಾ ಹಾರುತ್ತಾ ತನ್ನದೇ ಪ್ರತಿಕಣವಾಗುತ್ತದೆ, ಮತ್ತೆ ಹಿಂದಿರುಗುತ್ತದೆ. ಇದಕ್ಕೆ ಮೆಸಾನ್ ಮಿಶ್ರಣ ಎನ್ನುತ್ತಾರೆ.

ತಂಬೂರಿ ಶ್ರುತಿ ಮಾಡುವುದನ್ನು ಕೇಳಿದ್ದೀರಾ? ಎರಡು ತಂತಿಗಳ ಸ್ವರ ತುಸು ಬೇರೆಯಾದರೆ ಒಂದು ಬಗೆಯ ಏರಿಳಿತ, ವ್ಞಾವ್ ವ್ಞಾವ್ ಅನ್ನೋ ಅಲೆ ಕೇಳಿಸುತ್ತದೆ. ವ್ಯತ್ಯಾಸ ಕಡಿಮೆಯಾದಷ್ಟೂ ಅಲೆ ನಿಧಾನ. ಕೇಯಾನ್‌ನಲ್ಲೂ ಹೀಗೇ. ಅದರೊಳಗೆ ತೂಕದಲ್ಲಿ ಚೂರೇ ಚೂರು ಬೇರೆಯಾದ ಎರಡು ಸ್ಥಿತಿಗಳಿವೆ, ಅವುಗಳ ನಡುವಿನ ಅಲೆಯೇ ಈ ಹೋಗಿಬರುವ ಆಟ. ಅಲೆಯ ವೇಗ ಅಳೆದರೆ ತೂಕದ ವ್ಯತ್ಯಾಸ ಸಿಗುತ್ತದೆ.

ಎಷ್ಟು ವ್ಯತ್ಯಾಸ? ಒಂದರ ಮುಂದೆ 15 ಸೊನ್ನೆ ಹಾಕಿ, ಅಷ್ಟು ಪಾಲಿನಲ್ಲಿ ಸುಮಾರು 7 ಪಾಲು. ಐದು ಟನ್ ತೂಗುವ ಎರಡು ಆನೆಗಳನ್ನು ಪಕ್ಕದಲ್ಲಿ ನಿಲ್ಲಿಸಿ, ಅವುಗಳ ನಡುವಿನ ವ್ಯತ್ಯಾಸ ಒಂದು ಗ್ರಾಮಿನ ನೂರು ಕೋಟಿಯಲ್ಲಿ 35 ಪಾಲು ಎಂದು ಹೇಳಿದಂತೆ. ಪ್ರಕೃತಿ ನಮಗೆ ಕೊಟ್ಟಿರುವ ಅತ್ಯಂತ ಸೂಕ್ಷ್ಮ ತಕ್ಕಡಿಗಳಲ್ಲಿ ಇದೂ ಒಂದು.

ಈ ಕಣ ಪ್ರತಿಕಣವಾಗಬೇಕಾದರೆ ನಡುವೆ ಬೇರೆ ಕ್ವಾರ್ಕ್‌ಗಳು ಕ್ಷಣಮಾತ್ರ ಬಂದು ಹೋಗಬೇಕು. ಕ್ವಾಂಟಂ ಜಗತ್ತಿನಲ್ಲಿ, ಸೃಷ್ಟಿಸುವಷ್ಟು ಶಕ್ತಿ ಇಲ್ಲದಿದ್ದರೂ ಭಾರದ ಕಣವೊಂದು ಈ ನಡುವಿನ ಹಂತದಲ್ಲಿ ಇಣುಕಬಹುದು. ಕಣ್ಣಿಗೆ ಕಾಣುವುದಿಲ್ಲ, ಆದರೆ ಲೆಕ್ಕದ ಪುಸ್ತಕದಲ್ಲಿ ಅದರ ಗುರುತು ಉಳಿಯುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನೊಬ್ಬ ಊಟ ಮಾಡಿ ಹೋದರೂ ಹಾಸ್ಟೆಲ್ ಮೆಸ್ಸಿನ ಅಕ್ಕಿ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾನಲ್ಲ, ಹಾಗೆ.

ಸಮಸ್ಯೆ ಶುರುವಾಗಿದ್ದು ಇಲ್ಲೇ. ಗೊತ್ತಿದ್ದ ಮೂರೇ ಕ್ವಾರ್ಕ್ ಇಟ್ಟು ಲೆಕ್ಕ ಹಾಕಿದರೆ ವ್ಯತ್ಯಾಸ ಅಳತೆಗಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತಿತ್ತು. ಕೇಯಾನ್ ಒಡೆದು ಎರಡು ಮ್ಯೂಆನ್ ಆಗುವ ಪ್ರಕ್ರಿಯೆಯೂ ಲೆಕ್ಕಕ್ಕಿಂತ ತೀರಾ ವಿರಳವಾಗಿತ್ತು. ದೀರ್ಘಾಯುಷಿ ಕೇಯಾನ್‌ಗಳಲ್ಲಿ ನೂರು ಕೋಟಿಗೆ ಸುಮಾರು 7 ಮಾತ್ರ ಹಾಗೆ ಒಡೆಯುತ್ತವೆ ಎಂದು ಈಗ ಗೊತ್ತು. 1970ರಲ್ಲಿ ಗ್ಲಾಶೋ, ಇಲಿಯೊಪೌಲೋಸ್, ಮೈಯಾನಿ ಎಂಬ ಮೂವರು ಒಂದು ಪರಿಹಾರ ಕೊಟ್ಟರು: ನಾಲ್ಕನೆಯ ಕ್ವಾರ್ಕ್ ಒಂದಿದೆ ಎಂದುಕೊಳ್ಳಿ, ಹೆಸರು ಚಾರ್ಮ್. ಅಪ್ ಕ್ವಾರ್ಕ್ ಕೊಡುವ ಪಾಲನ್ನು ಚಾರ್ಮ್ ವಿರುದ್ಧ ಚಿಹ್ನೆಯಿಂದ ಹೊಡೆದುಹಾಕುತ್ತದೆ. ಎರಡರ ತೂಕ ಒಂದೇ ಆಗಿದ್ದರೆ ಪೂರ್ತಿ ಸೊನ್ನೆ. ಬೇರೆ ಆಗಿದ್ದರೆ ಸ್ವಲ್ಪ ಉಳಿಯುತ್ತದೆ.

ಆ ಉಳಿದ ಸ್ವಲ್ಪದಿಂದಲೇ ಚಾರ್ಮ್ ಎಷ್ಟು ಭಾರ ಎಂದು ಹೇಳಬಹುದಲ್ಲವಾ? 1974ರಲ್ಲಿ ಲೀ ಮತ್ತು ಮೇರಿ ಕೆ. ಗೈಯಾರ್ ಕೂತು ಮಾಡಿದ್ದು ಇದನ್ನೇ. ಉತ್ತರ: ಸುಮಾರು 1.5 ಗಿಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಪ್ರೋಟಾನಿನ ಒಂದೂವರೆ ಪಟ್ಟು. ಅದರಲ್ಲಿ ಅಂದಾಜುಗಳಿದ್ದವು, ಅವನ್ನು ಮುಚ್ಚಿಡಲಿಲ್ಲ. ಆಮೇಲೆ ಜೊನಾಥನ್ ರೋಸ್ನರ್ ಜೊತೆ ಸೇರಿ, ಚಾರ್ಮ್ ಇದ್ದರೆ ಅದನ್ನು ಎಲ್ಲಿ ಹೇಗೆ ಹುಡುಕಬೇಕು ಎಂದು ಪ್ರಯೋಗದವರಿಗೆ ದೀರ್ಘ ಮಾರ್ಗದರ್ಶಿ ಬರೆದರು. 1974ರ ಆಗಸ್ಟ್‌ನಲ್ಲಿ ಅದರ ಪ್ರತಿಗಳು ಹಂಚಿಕೆಯಾದವು.

ನವೆಂಬರ್‌ನಲ್ಲಿ ಬ್ರೂಕ್‌ಹೇವನ್‌ನಲ್ಲಿ ಸ್ಯಾಮ್ಯುಯೆಲ್ ಟಿಂಗ್ ತಂಡ, ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ಟನ್ ರಿಕ್ಟರ್ ತಂಡ, ಒಂದಕ್ಕೊಂದು ಸಂಬಂಧವಿಲ್ಲದೆ ಒಂದೇ ಹೊಸ ಕಣವನ್ನು ಕಂಡವು. ಅದರ ಹೆಸರು ಈಗ ಜೆ/ಸೈ. ಒಂದು ಚಾರ್ಮ್, ಒಂದು ಪ್ರತಿಚಾರ್ಮ್ ಸೇರಿದ ಮೆಸಾನ್. ತೂಕ 3.1 ಗಿಗಾ ಎಲೆಕ್ಟ್ರಾನ್ ವೋಲ್ಟ್. ಎರಡರಿಂದ ಭಾಗಿಸಿ ನೋಡಿ.

ಸಹೋದ್ಯೋಗಿಯ ಹೆಸರೂ ಬೇಕು

ಮೇರಿ ಗೈಯಾರ್ ಅವರನ್ನು ಅಡಿಟಿಪ್ಪಣಿ ಮಾಡಿ ಮುಂದೆ ಹೋದರೆ ಕತೆ ಅರ್ಧ ಸುಳ್ಳಾಗುತ್ತದೆ. ಆ ಕಾಲದಲ್ಲಿ ಅವರು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದರೂ ಅಲ್ಲಿನ ಸಂಬಳದ ಹುದ್ದೆಯಲ್ಲಿರಲಿಲ್ಲ. ಮೂರು ಮಕ್ಕಳ ತಾಯಿ, ಹೆಂಗಸು, ಗಂಡನೂ ಅದೇ ಕ್ಷೇತ್ರ. ಕಾರಣಗಳನ್ನು ನೀವೇ ಊಹಿಸಬಹುದು. ಫರ್ಮಿಲ್ಯಾಬ್‌ಗೆ ಒಂದು ವರ್ಷದ ಮಟ್ಟಿಗೆ ಬಂದಾಗ ಲೀ ಜೊತೆ ಸಮಾನರಾಗಿ ಮಾಡಿದ ಕೆಲಸ ಇದು. 1981ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಫಿಸಿಕ್ಸ್ ವಿಭಾಗದಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಮಹಿಳೆ ಅವರೇ.

ಬಾಂಬಿನ ಕತೆಯಲ್ಲಿ ಗೈಯಾರ್ ಇಲ್ಲವೇ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಒಂಟಿ ಮೇಧಾವಿ, ಒಂದು ದೇಶ, ಒಂದು ಗುಟ್ಟು. ಆ ಅಚ್ಚಿಗೆ ಹೊಂದದವರೆಲ್ಲ ಕತೆಯಿಂದ ಹೊರಗೆ.

ಊರಿಗೆ ಹೋಗಬೇಕಾ, ಬೇಡವಾ

ಲೀ ಹುಟ್ಟಿದ ದೇಶದಲ್ಲಿ 1961ರ ಸೈನಿಕ ದಂಗೆಯಿಂದ ಪಾರ್ಕ್ ಚುಂಗ್-ಹೀ ಅಧಿಕಾರ ಹಿಡಿದಿದ್ದ. 1971ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿ ಪ್ರತಿಭಟನೆ ಹತ್ತಿಕ್ಕಲು ಸೈನ್ಯ ವಿಶ್ವವಿದ್ಯಾಲಯಗಳ ಒಳಗೆ ನುಗ್ಗಿತು. 1972ರ ಅಕ್ಟೋಬರ್‌ನಲ್ಲಿ ಯುಶಿನ್ ಎಂಬ ಹೊಸ ಸಂವಿಧಾನದ ಹೆಸರಲ್ಲಿ ಪಾರ್ಕ್ ತನ್ನನ್ನು ಹೆಚ್ಚುಕಡಿಮೆ ಆಜೀವ ಅಧ್ಯಕ್ಷನನ್ನಾಗಿ ಮಾಡಿಕೊಂಡ. 1973ರಲ್ಲಿ ವಿರೋಧಿ ನಾಯಕ ಕಿಮ್ ಡೇ-ಜುಂಗ್ ಅವರನ್ನು ಕೊರಿಯಾದ ಗುಪ್ತಚರರು ಟೋಕಿಯೊದಿಂದಲೇ ಅಪಹರಿಸಿದರು. 1975ರ ಏಪ್ರಿಲ್‌ನಲ್ಲಿ ಎಂಟು ಜನರನ್ನು, ಸುಪ್ರೀಂ ಕೋರ್ಟ್ ತೀರ್ಪು ಬಂದ ಒಂದು ದಿನದೊಳಗೆ ಗಲ್ಲಿಗೇರಿಸಿದರು. ಅವರೆಲ್ಲ ನಿರಪರಾಧಿಗಳು ಎಂದು 2007ರಲ್ಲಿ ಮರುವಿಚಾರಣೆ ಹೇಳಿತು.

ನಮ್ಮಲ್ಲೂ ಅದೇ ವರ್ಷಗಳಲ್ಲೇ ತುರ್ತು ಪರಿಸ್ಥಿತಿ ಬಂದದ್ದು. ವಿದೇಶದಲ್ಲಿದ್ದ ವಿದ್ಯಾವಂತರು ಆಗ ಏನು ಮಾಡಿದರು ಅನ್ನುವ ಪ್ರಶ್ನೆ ನಮಗೂ ಹೊಸದಲ್ಲ.

ಲೀ ಕೊರಿಯಾದ ಯುವ ವಿಜ್ಞಾನಿಗಳಿಗಾಗಿ ಅಲ್ಲೇ ಒಂದು ಬೇಸಿಗೆ ಶಾಲೆ ನಡೆಸಲು 1970ರ ದಶಕದ ಆರಂಭದಲ್ಲಿ ಯೋಜನೆ ಹಾಕಿದ್ದರು. ಕ್ಯಾಂಪಸ್‌ಗಳ ಮೇಲಿನ ದಬ್ಬಾಳಿಕೆ ನೋಡಿ ಅದರಿಂದ ಹಿಂದೆ ಸರಿದರು. ತಾವು ಅಲ್ಲಿ ಹೋಗಿ ಕೂತರೆ ಸರ್ವಾಧಿಕಾರಕ್ಕೆ ಮನ್ನಣೆ ಕೊಟ್ಟಂತಾಗುತ್ತದೆ ಅನ್ನುವುದು ಅವರ ಅಳುಕು. ಆದರೆ 1974ರಲ್ಲಿ, ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನ ಶಿಕ್ಷಣಕ್ಕೆ ಅಮೆರಿಕದ ನೆರವು ಕೊಡುವ ಕುರಿತ ಪರಿಶೀಲನಾ ತಂಡದಲ್ಲಿ ಅವರು ಸಿಯೋಲ್‌ಗೆ ಹೋದರು.

ಇದನ್ನು ದ್ವಂದ್ವ ಅಂತ ತಳ್ಳಿಹಾಕುವವರು ಇರಬಹುದು. ನನಗೆ ಹಾಗನ್ನಿಸುವುದಿಲ್ಲ. ಸರ್ಕಾರದ ವೇದಿಕೆ ಬೇರೆ, ವಿದ್ಯಾರ್ಥಿಗಳ ಲ್ಯಾಬ್ ಬೇರೆ. ಆ ಗೆರೆ ಎಲ್ಲಿ ಎಳೆಯಬೇಕು ಎಂಬುದು ಪ್ರತಿ ಸಲವೂ ಕಷ್ಟದ ಪ್ರಶ್ನೆ. ಲೀ ಒಂದು ಸಲ ಬೇಡ ಅಂದರು, ಒಂದು ಸಲ ಹೋದರು. ಎರಡೂ ಸಲ ಅವರ ಮುಂದಿದ್ದದ್ದು ಅಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರ ಪಾಡು.

ಸತ್ತ ಮೇಲೆ ಸಿಕ್ಕ ಬಾಂಬ್

ಪಾರ್ಕ್ ಸರ್ಕಾರ 1970ರ ದಶಕದಲ್ಲಿ ಗುಟ್ಟಾಗಿ ಅಣ್ವಸ್ತ್ರದ ದಾರಿ ಹಿಡಿದಿದ್ದು ನಿಜ. ಫ್ರಾನ್ಸಿನಿಂದ ಪ್ಲುಟೋನಿಯಂ ಬೇರ್ಪಡಿಸುವ ಘಟಕ ತರಲು ನೋಡಿದ್ದು, ಅಮೆರಿಕ ಒತ್ತಡ ಹೇರಿ ತಡೆದದ್ದು, ಎಲ್ಲವೂ ನಿಜ. 1977ರಲ್ಲಿ ಕೊರಿಯಾದ ಅತಿ ಪ್ರಸಿದ್ಧ ಭೌತವಿಜ್ಞಾನಿ ಅಮೆರಿಕದ ರಸ್ತೆಯಲ್ಲಿ ಸತ್ತಿದ್ದೂ ನಿಜ. 1979ರಲ್ಲಿ ಪಾರ್ಕ್ ತನ್ನದೇ ಗುಪ್ತಚರ ಮುಖ್ಯಸ್ಥನ ಗುಂಡಿಗೆ ಬಲಿಯಾದದ್ದೂ ನಿಜ. ಈ ನಿಜಗಳ ಚುಕ್ಕಿಗಳನ್ನು ಸೇರಿಸಿ ರಂಗೋಲಿ ಎಳೆಯುವುದು ಸುಲಭ.

1993ರಲ್ಲಿ ಕಿಮ್ ಜಿನ್-ಮ್ಯುಂಗ್ ಎಂಬ ಲೇಖಕರ ಕಾದಂಬರಿ ಬಂತು. ಕೊರಿಯಾದ ರಾಷ್ಟ್ರೀಯ ಹೂವಾದ ಮುಗುಂಗ್ಹ್ವಾ ಅರಳಿತು ಎಂಬ ಅರ್ಥದ ಹೆಸರು ಅದಕ್ಕೆ. ಲೀಯನ್ನೇ ಹೋಲುವ ಭೌತವಿಜ್ಞಾನಿಯೊಬ್ಬ ದೇಶಕ್ಕಾಗಿ ಬಾಂಬ್ ಕೆಲಸಕ್ಕಿಳಿದು ಕೊಲೆಯಾಗುವ ಕತೆ. ಲಕ್ಷಲಕ್ಷ ಪ್ರತಿ ಖರ್ಚಾದವು. 1995ರಲ್ಲಿ ಸಿನಿಮಾ ಆಯಿತು. ಕುಟುಂಬ ಕೋರ್ಟಿಗೆ ಹೋಯಿತು. ಕಾದಂಬರಿಯಿಂದ ಅವರ ಮೇಲಿನ ಗೌರವ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ ಎಂಬ ಧಾಟಿಯಲ್ಲಿ ಕೋರ್ಟು ಮಾನಹಾನಿಯ ದೂರನ್ನು ಒಪ್ಪಲಿಲ್ಲ.

ಈ ತೀರ್ಪಿನ ಹಿಂದಿನ ಭಾವನೆಯ ಬಗ್ಗೆಯೇ ನನ್ನ ತಕರಾರು. ಸರ್ವಾಧಿಕಾರಿಯ ಆಡಳಿತವನ್ನು ಒಪ್ಪದ ವ್ಯಕ್ತಿಯನ್ನು ಅದೇ ಸರ್ವಾಧಿಕಾರಿಯ ಬಾಂಬಿನ ಸಹಾಯಕನನ್ನಾಗಿ ಚಿತ್ರಿಸಿದರೆ, ಅದು ಗೌರವ ಹೇಗಾಗುತ್ತದೆ? ದೇಶಭಕ್ತ ಎಂಬ ಹಾರ ಹಾಕಿದ ಮಾತ್ರಕ್ಕೆ ಸುಳ್ಳು ಸಿಹಿಯಾಗಿಬಿಡುತ್ತಾ?

ವಿಜ್ಞಾನದ ಲೆಕ್ಕದಲ್ಲೂ ಇದು ನಿಲ್ಲದ ಮಾತು. ಬಾಂಬಿಗೆ ಬೇಕಾದದ್ದು ಯುರೇನಿಯಂ, ಪ್ಲುಟೋನಿಯಂ ಶುದ್ಧೀಕರಿಸುವ ರಸಾಯನ ಮತ್ತು ಲೋಹ ತಂತ್ರಜ್ಞಾನ, ಸ್ಫೋಟಕಗಳ ಇಂಜಿನಿಯರಿಂಗ್. ಚಾರ್ಮ್ ಕ್ವಾರ್ಕಿನ ತೂಕ ಗೊತ್ತಿದ್ದರೆ ಬಾಂಬ್ ಆಗುವುದಿಲ್ಲ, ಪಟಾಕಿಯೂ ಆಗುವುದಿಲ್ಲ. ಲೀ ಬಳಿ ಪಿಎಚ್‌ಡಿ ಮಾಡಿ ಮುಂದೆ ಕೊರಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆದ ಕಾಂಗ್ ಜೂ-ಸಾಂಗ್ 2006ರಲ್ಲಿ ಗುರುವಿನ ಜೀವನಚರಿತ್ರೆ ಬರೆದು ಇದನ್ನೆಲ್ಲ ಬಿಡಿಸಿ ಹೇಳಿದರು. ಆದರೂ ಕಾದಂಬರಿಯಷ್ಟು ದೂರ ಆ ಪುಸ್ತಕ ಹೋಗಲಿಲ್ಲ.

ಭಾಭಾ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆ. 1966ರ ಜನವರಿ 24ರಂದು ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಮೇಲೆ ಏರ್ ಇಂಡಿಯಾ ವಿಮಾನ ಬಿದ್ದು ಅವರು ತೀರಿಕೊಂಡರು. ಸಿಐಎ ಕೊಂದಿತು ಎಂಬ ಫಾರ್ವರ್ಡ್ ನಿಮ್ಮ ಮನೆಯ ಗ್ರೂಪಿಗೂ ಬಂದೇ ಇರುತ್ತದೆ. ಕಾಸ್ಮಿಕ್ ಕಿರಣಗಳ ಬಗ್ಗೆ ಅವರು ಮಾಡಿದ ಕೆಲಸ ಏನು ಅಂತ ಹೇಳುವ ಫಾರ್ವರ್ಡ್ ಮಾತ್ರ ನನಗೆ ಇದುವರೆಗೆ ಬಂದಿಲ್ಲ.

ಕಾಣದ್ದನ್ನು ಊಹಿಸುವ ಎರಡು ವಿಧಾನ

ಸರ್ಕಾರಗಳ ಮೇಲೆ ಅನುಮಾನ ಪಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಜನರನ್ನು ಅಪಹರಿಸಿದ, ನಿರಪರಾಧಿಗಳನ್ನು ನೇಣಿಗೆ ಹಾಕಿದ ಆಡಳಿತ ಕಂಡವರು ಆಕ್ಸಿಡೆಂಟ್ ಎಂಬ ಪದವನ್ನು ಸುಮ್ಮನೆ ನಂಬುವುದಿಲ್ಲ, ನಂಬಲೂಬಾರದು. ಪ್ರಶ್ನೆ ಇರುವುದು ಅನುಮಾನ ಬಂದ ಮೇಲೆ ಏನು ಮಾಡುತ್ತೇವೆ ಎಂಬುದರಲ್ಲಿ.

ಲೀ ಮತ್ತು ಗೈಯಾರ್ ಮಾಡಿದ್ದೂ ಒಂದರ್ಥದಲ್ಲಿ ಅನುಮಾನವೇ. ಲೆಕ್ಕ ತಾಳೆಯಾಗುತ್ತಿಲ್ಲ, ಯಾರೋ ಕಾಣದವರು ಇಲ್ಲಿದ್ದಾರೆ ಅನ್ನುವ ಅನುಮಾನ. ಆದರೆ ಅವರು ಒಂದು ಸಂಖ್ಯೆಯನ್ನು ಮುಂಚೆಯೇ ಮೇಜಿನ ಮೇಲಿಟ್ಟರು. ನವೆಂಬರ್‌ನ ಆ ಕಣ ಅದಕ್ಕೆ ಹೊಂದದ ತೂಕದಲ್ಲಿ ಬಂದಿದ್ದರೆ ಅವರ ಲೆಕ್ಕ ಎಲ್ಲರ ಮುಂದೆ ಬಿದ್ದುಹೋಗುತ್ತಿತ್ತು. ಬಾಂಬಿನ ಕತೆಗೆ ಅಂಥ ಅಪಾಯವೇ ಇಲ್ಲ. ಸಾಕ್ಷಿ ಸಿಕ್ಕಿಲ್ಲ ಅಂದರೆ, ನೋಡಿ ಎಷ್ಟು ಚೆನ್ನಾಗಿ ಮುಚ್ಚಿಹಾಕಿದ್ದಾರೆ ಅನ್ನುತ್ತದೆ. ಏನೇ ಆದರೂ ಗೆಲ್ಲುವ ವಾದದಿಂದ ನಮಗೆ ಹೊಸದೇನೂ ತಿಳಿಯುವುದಿಲ್ಲ.

ಲೀ ತುಳಿದ ದಾರಿ ಇವತ್ತಿಗೂ ನಡೆಯುತ್ತಿದೆ. ಅವರು ಸತ್ತ ಎರಡೇ ವಾರಕ್ಕೆ, 1977ರ ಜೂನ್ 30ರಂದು, ಅದೇ ಫರ್ಮಿಲ್ಯಾಬ್‌ನಲ್ಲಿ ಲಿಯಾನ್ ಲೆಡರ್‌ಮನ್ ತಂಡ ಅಪ್ಸಿಲಾನ್ ಕಣವನ್ನು ಪ್ರಕಟಿಸಿತು. ಅದು ಐದನೆಯ ಕ್ವಾರ್ಕ್ ಬಾಟಮ್‌ನ ಸುಳಿವು. 1987ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆರ್ಗಸ್ ಪ್ರಯೋಗ ಬಾಟಮ್ ಇರುವ ಬಿ ಮೆಸಾನ್‌ಗಳ ಮಿಶ್ರಣ ಅಳೆಯಿತು. ನಿರೀಕ್ಷೆಗಿಂತ ಜಾಸ್ತಿ ಇತ್ತು. ಅಂದರೆ ಆರನೆಯ ಕ್ವಾರ್ಕ್ ಟಾಪ್ ಬಹಳ ಭಾರ ಇರಲೇಬೇಕು. 1995ರಲ್ಲಿ ಫರ್ಮಿಲ್ಯಾಬ್‌ನಲ್ಲೇ ಟಾಪ್ ಸಿಕ್ಕಿತು. ತೂಕ ಸುಮಾರು 173 ಗಿಗಾ ಎಲೆಕ್ಟ್ರಾನ್ ವೋಲ್ಟ್. 2006ರಲ್ಲಿ ಅಲ್ಲಿಯ ಸಿಡಿಎಫ್ ಪ್ರಯೋಗ ಇನ್ನೊಂದು ಬಗೆಯ ಬಿ ಮೆಸಾನ್ ಸೆಕೆಂಡಿಗೆ ಸುಮಾರು 3 ಲಕ್ಷ ಕೋಟಿ ಸಲ ರೂಪ ಬದಲಿಸುವುದನ್ನು ಅಳೆಯಿತು.

ಕೆಲವೊಮ್ಮೆ ಆಸೆ ಸುಳ್ಳಾಗುವುದೂ ಉಂಟು. 2021ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಬಿ ಮೆಸಾನ್ ಒಡೆಯುವುದರಲ್ಲಿ ಎಲೆಕ್ಟ್ರಾನ್ ಮತ್ತು ಮ್ಯೂಆನ್‌ಗಳ ನಡುವೆ ತಾರತಮ್ಯ ಕಂಡಂತಿದೆ ಎಂದಾಗ ಜಗತ್ತಿನಾದ್ಯಂತ ಹೆಡ್‌ಲೈನ್ ಆಗಿತ್ತು. ಹೊಸ ಬಲ ಸಿಕ್ಕೇಬಿಟ್ಟಿತು ಅಂತ ಸಡಗರ. 2022ರ ಡಿಸೆಂಬರ್‌ನಲ್ಲಿ ಅದೇ ತಂಡ, ಬೇರೆ ಕಣಗಳು ಎಲೆಕ್ಟ್ರಾನ್ ವೇಷದಲ್ಲಿ ನುಸುಳಿದ್ದನ್ನು ಸರಿಯಾಗಿ ಲೆಕ್ಕಕ್ಕೆ ತಂದು, ವ್ಯತ್ಯಾಸ ಇಲ್ಲ ಎಂದು ತಾನೇ ಪ್ರಕಟಿಸಿತು. ತನ್ನದೇ ಸೆನ್ಸೇಷನ್ನನ್ನು ಹೀಗೆ ತಾನೇ ವಾಪಸ್ ಪಡೆದ ನ್ಯೂಸ್ ಚಾನೆಲ್ ಯಾವುದಾದರೂ ನಿಮಗೆ ಗೊತ್ತಾ?

ಲೀ-ಗೈಯಾರ್ 1974ರಲ್ಲೇ ಲೆಕ್ಕ ಹಾಕಿದ್ದ ಇನ್ನೊಂದು ವಿರಳ ಪ್ರಕ್ರಿಯೆ ಇದೆ: ಕೇಯಾನ್ ಒಡೆದು ಒಂದು ಪಯಾನ್ ಮತ್ತು ಎರಡು ನ್ಯೂಟ್ರಿನೋ ಆಗುವುದು. 2024ರಲ್ಲಿ ಸರ್ನ್‌ನ ಎನ್‌ಎ62 ಪ್ರಯೋಗ ಅದನ್ನು ಖಚಿತವಾಗಿ ಕಂಡದ್ದಾಗಿ ಹೇಳಿತು. ಹತ್ತು ಸಾವಿರ ಕೋಟಿ ಕೇಯಾನ್‌ಗಳಲ್ಲಿ ಸುಮಾರು 13. ಸಿದ್ಧಾಂತ ಹೇಳುವುದಕ್ಕಿಂತ ಜಾಸ್ತಿ, ಆದರೆ ಅಳತೆಯ ದೋಷವನ್ನು ಗಮನಿಸಿದರೆ ಸಿದ್ಧಾಂತ ತಪ್ಪು ಎನ್ನುವಷ್ಟಲ್ಲ. ಇನ್ನೂ ಅಳೆಯುತ್ತಿದ್ದಾರೆ. ಬಾಟಮ್ ಕ್ವಾರ್ಕ್‌ಗಳನ್ನೂ ಚಾರ್ಮ್ ಕ್ವಾರ್ಕ್‌ಗಳನ್ನೂ ಜಪಾನಿನ ಬೆಲ್ಲೆ-2 ಪ್ರಯೋಗದಲ್ಲಿ ಶೋಧಿಸುತ್ತಿದ್ದಾರೆ, ಅದರಲ್ಲಿ ಭಾರತದ ಸಂಸ್ಥೆಗಳೂ ಇವೆ.

ಉಳಿದ ಲೆಕ್ಕ

ಸಾಯುವ ವರ್ಷವೂ ಲೀ ಸುಮ್ಮನಿರಲಿಲ್ಲ. ಹಿಗ್ಸ್ ಕಣ ಎಷ್ಟು ಭಾರ ಇರಬಹುದು ಎಂಬುದಕ್ಕೆ ಕ್ರಿಸ್ ಕ್ವಿಗ್ ಮತ್ತು ಹ್ಯಾರಿ ಥ್ಯಾಕರ್ ಜೊತೆ ಮೇಲ್ಮಿತಿ ಕೊಟ್ಟರು. ಸರ್ನ್‌ನ ದೊಡ್ಡ ಯಂತ್ರ ಕಟ್ಟುವಾಗ ಎಷ್ಟು ಶಕ್ತಿಯವರೆಗೆ ಹುಡುಕಬೇಕು ಎಂಬ ವಾದಕ್ಕೆ ಅದು ಆಧಾರವಾಯಿತು. 2012ರಲ್ಲಿ ಹಿಗ್ಸ್ ಸಿಕ್ಕಿದ್ದು ಆ ಮಿತಿಯ ಒಳಗೇ. ವೈನ್‌ಬರ್ಗ್ ಜೊತೆ ಬರೆದ ಇನ್ನೊಂದು ಪ್ರಬಂಧ, ಬ್ರಹ್ಮಾಂಡದಲ್ಲಿ ಭಾರದ ನ್ಯೂಟ್ರಿನೋಗಳಿದ್ದರೆ ಅವು ಕನಿಷ್ಠ ಎಷ್ಟು ತೂಗಬೇಕು ಎಂದು ಹೇಳುವಂಥದ್ದು, ಜುಲೈನಲ್ಲಿ ಅಚ್ಚಾಯಿತು. ಕಪ್ಪು ದ್ರವ್ಯ ಹುಡುಕುವವರು ಇಂದಿಗೂ ಅದನ್ನು ಓದುತ್ತಾರೆ. ಅಚ್ಚಾದದ್ದನ್ನು ನೋಡಲು ಲೀ ಇರಲಿಲ್ಲ.

1979ರಲ್ಲಿ ಗ್ಲಾಶೋ, ಸಲಾಂ, ವೈನ್‌ಬರ್ಗ್‌ಗೆ, 1999ರಲ್ಲಿ ಟ್ ಹೂಫ್ಟ್ ಮತ್ತು ವೆಲ್ಟ್‌ಮನ್‌ಗೆ ನೊಬೆಲ್ ಬಂತು. ಲೀ ಬದುಕಿದ್ದರೆ ಅವರಿಗೂ ಬರುತ್ತಿತ್ತು ಎಂದು ಕೊರಿಯಾದಲ್ಲಿ ಹೇಳುತ್ತಾರೆ. ಬರುತ್ತಿತ್ತೋ ಇಲ್ಲವೋ, ಆ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಪದಕ ಎಣಿಸುವುದೂ ಬಾಂಬ್ ಎಣಿಸುವುದೂ ಕೊನೆಗೆ ಒಂದೇ ಚಟ: ವಿಜ್ಞಾನಿಯೊಬ್ಬ ದೇಶದ ಬಲಪ್ರದರ್ಶನಕ್ಕೆ ಒದಗಿದರೆ ಮಾತ್ರ ದೊಡ್ಡವನು ಅನ್ನುವ ಚಟ.

ರಾಷ್ಟ್ರೀಯ ವಿಜ್ಞಾನ ದಿನ ಬಂದಾಗ ನಮ್ಮ ಕಾಲೇಜುಗಳ ಗೋಡೆ ಮೇಲೂ ಕ್ಷಿಪಣಿಯ ಚಿತ್ರವೇ ಏಳುತ್ತದೆ. ಆ ದಿನ ಇರುವುದು ಬೆಳಕು ಹೇಗೆ ಚದುರುತ್ತದೆ ಎಂದು ಸಿ.ವಿ. ರಾಮನ್ ಕಂಡುಕೊಂಡದ್ದರ ನೆನಪಿಗೆ. ಮುಂದಿನ ಫೆಬ್ರವರಿ 28ಕ್ಕೆ ಕ್ಯಾಂಪಸ್‌ನಲ್ಲಿ ಪೋಸ್ಟರ್ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಒಂದು ಮೂಲೆಯಲ್ಲಿ 1.5 ಎಂದೂ ಪಕ್ಕದಲ್ಲಿ 3.1 ಎಂದೂ ಬರೆಯಿರಿ. ಇದೇನು ಅಂತ ಯಾರಾದರೂ ಕೇಳಿದರೆ, ಹೇಳುವುದಕ್ಕೆ ನಿಮ್ಮ ಬಳಿ ಈಗ ಒಂದು ಕತೆ ಇದೆ. ಅದೂ ನಿಜವಾದದ್ದು.